ಕಪಾಟಿನಲ್ಲಿರುವ ಸರ್ವರ್: ಅಂತರಜಾಲಕ್ಕೆ ತೆರೆದುಕೊಂಡ ಮನೆಯ ಶೇಖರಣಾ ಪೆಟ್ಟಿಗೆಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಮಯದ ಅಭಾವದಿಂದ ವೇದಿಕೆಯಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತನಾಡಲು ಹೊರಟಿರುವುದು ಅನೇಕರ ಮನೆಯಲ್ಲಿ, ಟಿವಿಯ ಹಿಂದೆಯೋ ಪುಸ್ತಕದ ಕಪಾಟಿನ ಮೂಲೆಯಲ್ಲೋ, ಸದ್ದಿಲ್ಲದೆ ಕೂತಿರುವ ಒಂದು ಪೆಟ್ಟಿಗೆಯ ಬಗ್ಗೆ. ಅದರೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್‌ಗಳಿರುತ್ತವೆ. ಅದರಿಂದ ಒಂದು ಕೇಬಲ್ ರೌಟರ್‌ಗೆ ಹೋಗುತ್ತದೆ. ಮನೆಮಂದಿಯ ಫೋನು, ಲ್ಯಾಪ್‌ಟಾಪುಗಳಲ್ಲಿರುವ ಫೋಟೊ, ವಿಡಿಯೊ, ಕಾಗದಪತ್ರಗಳೆಲ್ಲ ಅದರಲ್ಲಿ ಬಂದು ಸೇರುತ್ತವೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬ ಉದ್ದ ಹೆಸರನ್ನು ಮೊಟಕುಗೊಳಿಸಿ ಇದನ್ನು ನ್ಯಾಸ್ ಎನ್ನುತ್ತಾರೆ. ಕನ್ನಡದಲ್ಲಿ ನ್ಯಾಸ ಎಂಬ ಪದಕ್ಕೆ, ನಂಬಿಕೆಯ ಮೇಲೆ ಇನ್ನೊಬ್ಬರ ಬಳಿ ಇಟ್ಟ ವಸ್ತು ಎಂಬ ಅರ್ಥ ಮೊದಲಿನಿಂದಲೂ ಇದೆ. ಎರಡು ಪದಗಳು ಒಂದನ್ನೊಂದು ಹೋಲುವುದು ಆಕಸ್ಮಿಕವಾದರೂ ಆ ಅರ್ಥ ಇಲ್ಲಿ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಯಾಕೆಂದರೆ ಮನೆಯವರೆಲ್ಲ ತಮ್ಮ ಬದುಕಿನ ದಾಖಲೆಗಳನ್ನು ಅದರಲ್ಲಿ ಇಟ್ಟಿರುವುದು, ಆ ಪೆಟ್ಟಿಗೆಯನ್ನು ತಂದು ಜೋಡಿಸಿದ ಒಬ್ಬರ ಮೇಲಿನ ನಂಬಿಕೆಯಿಂದ.

ನನ್ನ ಮಾತು ಮುಖ್ಯವಾಗಿ ಆ ಒಬ್ಬರಿಗೆ. ಪೆಟ್ಟಿಗೆ ಮನೆಯೊಳಗಷ್ಟೇ ಕೆಲಸ ಮಾಡುತ್ತಿರುವ ತನಕ ಅದು ಮನೆಯ ಒಂದು ಸಾಮಾನು. ಊರಿಂದ ಹೊರಗಿದ್ದಾಗಲೂ ಫೋಟೊ ನೋಡಬೇಕು, ದೂರದಲ್ಲಿರುವ ಮಗಳಿಗೂ ವಿಡಿಯೊ ಸಿಗಬೇಕು ಎಂದು ಅದನ್ನು ಅಂತರಜಾಲಕ್ಕೆ ತೆರೆದ ದಿನ ಅದು ಸರ್ವರ್ ಆಗುತ್ತದೆ, ತೆರೆದವರು ಆ ಸರ್ವರಿನ ನಿರ್ವಾಹಕರಾಗುತ್ತಾರೆ. ಸರ್ವರುಗಳನ್ನು ನಡೆಸುವ ಸಂಸ್ಥೆಗಳಲ್ಲಿ ಅಪ್‌ಡೇಟ್ ಹಾಕುವುದಕ್ಕೆ, ಲಾಗ್ (ನಡೆದದ್ದನ್ನೆಲ್ಲ ಯಂತ್ರ ಬರೆದಿಡುವ ದಿನಚರಿ) ಓದುವುದಕ್ಕೆ, ನಡುರಾತ್ರಿ ಎಚ್ಚರಿಕೆ ಬಂದರೆ ಎದ್ದು ನೋಡುವುದಕ್ಕೆ ಸಂಬಳ ಪಡೆಯುವ ಜನರಿರುತ್ತಾರೆ. ಮನೆಯಲ್ಲಿ ಆ ಕೆಲಸವನ್ನು ಯಾರಿಗೂ ವಹಿಸಿರುವುದಿಲ್ಲ. ಅಪಾಯ ಹುಟ್ಟುವುದು ಇಲ್ಲಿಂದಲೇ.

ಪೆಟ್ಟಿಗೆಯೊಳಗೆ ಇರುವುದು ಒಂದು ಪೂರ್ಣಪ್ರಮಾಣದ ಕಂಪ್ಯೂಟರ್. ಅದನ್ನು ನಡೆಸಲು ಬಹುತೇಕ ಎಲ್ಲ ತಯಾರಕರೂ ಬಳಸುವುದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು. ಅದರ ಮೇಲೆ ಫೈಲ್ ಹಂಚಿಕೊಳ್ಳಲು ಸಾಂಬಾ ಎಂಬ ತಂತ್ರಾಂಶ, ಸೆಟ್ಟಿಂಗ್ ಪುಟ ತೋರಿಸಲು ಒಂದು ವೆಬ್ ಸರ್ವರ್, ಜೊತೆಗೆ ಫೋಟೊ ಆಪ್, ಸಂಗೀತದ ಆಪ್, ಬ್ಯಾಕಪ್ ಆಪ್, ಕ್ಯಾಮೆರಾ ದೃಶ್ಯ ದಾಖಲಿಸುವ ಆಪ್ ಹೀಗೆ ಹತ್ತಾರು ಇರುತ್ತವೆ. ಒಂದೊಂದನ್ನೂ ಬೇರೆ ಬೇರೆ ತಂಡ ಬೇರೆ ಬೇರೆ ಕಾಲದಲ್ಲಿ ಬರೆದಿರುತ್ತದೆ, ಮತ್ತು ಒಂದೊಂದರಲ್ಲೂ ಇನ್ನೂ ಯಾರ ಕಣ್ಣಿಗೂ ಬೀಳದ ದೋಷ ಉಳಿದಿರಬಹುದು. 2010ರಲ್ಲಿ ಬಿಡುಗಡೆಯಾದ ಸಾಂಬಾ ಆವೃತ್ತಿಯಲ್ಲಿ ಸೇರಿಕೊಂಡ ಒಂದು ಗಂಭೀರ ದೋಷ ಬೆಳಕಿಗೆ ಬಂದದ್ದು 2017ರ ಮೇ ತಿಂಗಳಲ್ಲಿ. ಏಳು ವರ್ಷ ಅದು ಎಷ್ಟೋ ಪೆಟ್ಟಿಗೆಗಳಲ್ಲಿ ಹಾಗೆಯೇ ಇತ್ತು.

ಹಾಗಿದ್ದರೂ ಮನೆಯೊಳಗಿನ ಸಾಧನಗಳು ಇಷ್ಟು ದಿನ ಹೇಗೋ ಸುರಕ್ಷಿತವಾಗಿದ್ದವಲ್ಲ ಎಂದು ಕೇಳಬಹುದು. ಅದಕ್ಕೆ ಕಾರಣ ರೌಟರ್. ಮನೆಗೆ ಹೊರಗಿನ ಲೋಕದಲ್ಲಿ ಸಾಮಾನ್ಯವಾಗಿ ಒಂದೇ ವಿಳಾಸ; ಒಳಗೆ ಹತ್ತಿಪ್ಪತ್ತು ಸಾಧನಗಳು. ಒಳಗಿನಿಂದ ಹೊರಟ ಕೋರಿಕೆಗೆ ಬಂದ ಉತ್ತರವನ್ನು ರೌಟರ್ ಗುರುತು ಹಿಡಿದು ಕೇಳಿದವರಿಗೆ ತಲುಪಿಸುತ್ತದೆ. ಯಾರೂ ಕರೆಯದೆ ಹೊರಗಿನಿಂದ ಬಂದದ್ದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅಲ್ಲೇ ಬಿಟ್ಟುಬಿಡುತ್ತದೆ. ವಿಳಾಸಗಳ ಕೊರತೆ ನೀಗಿಸಲು ಮಾಡಿದ ಈ ಏರ್ಪಾಡು ಮನೆಗೆ ಗೋಡೆಯಾಗಿಯೂ ಒದಗಿತು. ಸಂಪರ್ಕಗಳು ಬಂದು ಸೇರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳನ್ನು ಪೋರ್ಟ್ ಎನ್ನುತ್ತಾರೆ. ಪೋರ್ಟ್ ತೆರೆಯುವುದು ಎಂದರೆ ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆದು, ಇಲ್ಲಿಗೆ ಬಂದವರನ್ನೆಲ್ಲ ನೇರವಾಗಿ ಪೆಟ್ಟಿಗೆಯ ಬಳಿಗೆ ಕಳಿಸು ಎಂದು ರೌಟರ್‌ಗೆ ಹೇಳಿದ ಹಾಗೆ. ಬಂದವರು ಮನೆಯವರೋ ಅಪರಿಚಿತರೋ ಎಂದು ರೌಟರ್ ನೋಡುವುದಿಲ್ಲ. ಆ ಪರೀಕ್ಷೆ ಪೂರ್ತಿಯಾಗಿ ಪೆಟ್ಟಿಗೆಯ ತಂತ್ರಾಂಶದ ಮೇಲೆ ಬೀಳುತ್ತದೆ.

ಇನ್ನೊಂದು ತೊಡಕೆಂದರೆ, ಈ ಕಿಂಡಿಯನ್ನು ಮನೆಯವರೇ ಕೊರೆದಿರಬೇಕೆಂದಿಲ್ಲ. ಯುಪಿಎನ್‌ಪಿ ಎಂಬ ವ್ಯವಸ್ಥೆಯಲ್ಲಿ ಮನೆಯೊಳಗಿನ ಯಾವ ಸಾಧನವಾದರೂ ರೌಟರನ್ನು ಕೇಳಿ ತನಗೆ ಬೇಕಾದ ಪೋರ್ಟನ್ನು ತೆರೆಸಿಕೊಳ್ಳಬಹುದು. ಯಜಮಾನನ ಒಪ್ಪಿಗೆ ಅದಕ್ಕೆ ಬೇಕಿಲ್ಲ, ಪಾಸ್‌ವರ್ಡೂ ಬೇಕಿಲ್ಲ. ಆಟದ ಸಾಧನಗಳಿಗೆ ಅನುಕೂಲವಾಗಲೆಂದು ಅನೇಕ ರೌಟರುಗಳಲ್ಲಿ ಇದು ಮೊದಲಿನಿಂದಲೇ ಚಾಲೂ ಇರುತ್ತದೆ. ಮನೆಯ ಒಳಗಷ್ಟೇ ಕೇಳಬೇಕಾದ ಈ ಮಾತುಕತೆಗೆ ಹೊರಗಿನ ಲೋಕಕ್ಕೂ ಉತ್ತರ ಕೊಡುತ್ತಿದ್ದ ವಿಳಾಸಗಳು 8 ಕೋಟಿಗೂ ಹೆಚ್ಚಿವೆ ಎಂದು ರ‍್ಯಾಪಿಡ್7 ಎಂಬ ಭದ್ರತಾ ಸಂಸ್ಥೆ 2013ರಲ್ಲಿ ಎಣಿಸಿ ತೋರಿಸಿತ್ತು.

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೇನೋ ಸರಿಪಡಿಸಲು ಮನೆಯ ರೌಟರಿನ ಸೆಟ್ಟಿಂಗ್ ಪುಟಕ್ಕೆ ಹೋದಾಗ, ತೆರೆದ ಪೋರ್ಟುಗಳ ಪಟ್ಟಿ ಕಣ್ಣಿಗೆ ಬಿತ್ತು. ನಾಲ್ಕು ಸಾಲುಗಳಿದ್ದವು. ನಾನು ಸ್ವತಃ ಸೇರಿಸಿದ್ದು ಒಂದನ್ನು ಮಾತ್ರ. ಎರಡು ಸಾಲುಗಳು ನನ್ನ ಶೇಖರಣಾ ಪೆಟ್ಟಿಗೆಯ ಹೆಸರಿನಲ್ಲಿದ್ದವು, ಅವುಗಳಲ್ಲಿ ಒಂದು ನೇರವಾಗಿ ಅದರ ಆಡಳಿತ ಪುಟಕ್ಕೆ ದಾರಿ ಕೊಡುತ್ತಿತ್ತು. ನಾಲ್ಕನೆಯದು ಎಂದೋ ಮನೆಯಿಂದ ಹೊರಹಾಕಿದ ಒಂದು ಸಾಧನದ ವಿಳಾಸಕ್ಕೆ ತೋರಿಸುತ್ತಿತ್ತು. ಕೂಡಲೇ ಪೆಟ್ಟಿಗೆಯ ಲಾಗ್ ತೆರೆದು ಓದಿದೆ. ಪುಟ ಪುಟಗಳುದ್ದಕ್ಕೂ ಒಂದೇ ಮಾತು: ಲಾಗಿನ್ ವಿಫಲ, ಲಾಗಿನ್ ವಿಫಲ. ಪ್ರಯತ್ನಿಸಿದ ಹೆಸರುಗಳು ಅಡ್ಮಿನ್, ರೂಟ್, ಟೆಸ್ಟ್, ಗೆಸ್ಟ್, ಬ್ಯಾಕಪ್. ಕೆಲವು ನಿಮಿಷಕ್ಕೊಮ್ಮೆ ಒಂದು ಪ್ರಯತ್ನ, ಪ್ರತಿ ಬಾರಿಯೂ ಬೇರೆ ವಿಳಾಸದಿಂದ. ಒಂದೇ ವಿಳಾಸದಿಂದ ಹಲವು ಸಲ ಬಂದರೆ ಪೆಟ್ಟಿಗೆ ತಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮನೆಯವರು ನಿದ್ದೆ ಮಾಡುತ್ತಿದ್ದ ಹೊತ್ತಿನಲ್ಲಿ ಯಾರೋ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ಅಲುಗಾಡಿಸಿ ನೋಡುತ್ತಿದ್ದರು, ಅದೂ ತಿಂಗಳುಗಟ್ಟಲೆ. ಆ ಪಟ್ಟಿಯನ್ನು ಓದಿದ ರಾತ್ರಿ ನನಗಾದ ಕಳವಳವನ್ನು ನಾನು ಇವತ್ತಿಗೂ ಮರೆತಿಲ್ಲ.

ಇಷ್ಟು ಮನೆಗಳಿರುವಾಗ ನಮ್ಮ ಮನೆಯನ್ನೇ ಯಾರು ಹುಡುಕಿ ಬರುತ್ತಾರೆ ಎಂಬ ಸಮಾಧಾನ ಎಲ್ಲರಲ್ಲೂ ಇರುತ್ತದೆ. ಆದರೆ ಇಲ್ಲಿ ಹುಡುಕುವುದು ಮನುಷ್ಯರಲ್ಲ. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವ ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಕೇಳಲು ದೊಡ್ಡ ಸಂಖ್ಯೆ, ಯಂತ್ರಕ್ಕೆ ಚಿಕ್ಕದು. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝಡ್‌ಮ್ಯಾಪ್ ಎಂಬ ಉಪಕರಣವನ್ನು ಪ್ರಕಟಿಸಿದರು. ಗಿಗಾಬಿಟ್ ವೇಗದ ಸಂಪರ್ಕವಿರುವ ಒಂದೇ ಒಂದು ಕಂಪ್ಯೂಟರಿನಿಂದ, 45 ನಿಮಿಷದೊಳಗೆ, ಆ ಎಲ್ಲ ವಿಳಾಸಗಳಲ್ಲೂ ಒಂದು ನಿರ್ದಿಷ್ಟ ಪೋರ್ಟ್ ತೆರೆದಿದೆಯೇ ಎಂದು ನೋಡಿ ಮುಗಿಸಬಹುದು ಎಂದು ಅವರು ತೋರಿಸಿದರು. ಅದಕ್ಕೂ ಮೊದಲೇ, 2009ರಲ್ಲಿ, ಶೋಡಾನ್ ಎಂಬ ಹುಡುಕುತಾಣ ಶುರುವಾಗಿತ್ತು. ಅದು ವೆಬ್ ಪುಟಗಳ ಬದಲು ಅಂತರಜಾಲಕ್ಕೆ ತೆರೆದುಕೊಂಡ ಸಾಧನಗಳನ್ನು ಪಟ್ಟಿ ಮಾಡುತ್ತದೆ. ಯಾವ ಕಂಪನಿಯ ಯಾವ ಮಾದರಿ, ಯಾವ ಆವೃತ್ತಿಯ ತಂತ್ರಾಂಶ ಎಂಬುದನ್ನು ಪೆಟ್ಟಿಗೆಯೇ ತನ್ನ ಲಾಗಿನ್ ಪುಟದಲ್ಲಿ ಹೇಳಿಕೊಂಡಿರುತ್ತದೆ. ಒಂದು ಮಾದರಿಯಲ್ಲಿ ದೋಷ ಪತ್ತೆಯಾದ ದಿನ, ಆ ಮಾದರಿ ಎಲ್ಲೆಲ್ಲಿದೆ ಎಂಬ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಪೆಟ್ಟಿಗೆಗೆಂದು ಅಂತರಜಾಲದಲ್ಲಿ ಒಂದು ಹೆಸರು ಪಡೆದು, ಆ ಹೆಸರನ್ನು ಖಚಿತಪಡಿಸುವ ಪ್ರಮಾಣಪತ್ರ ಹಾಕಿಸಿಕೊಂಡಿದ್ದರೆ ಇನ್ನೂ ಒಂದು ಮಾತು ಗಮನಿಸಬೇಕು: ಪ್ರಮಾಣಪತ್ರಗಳನ್ನು ಕೊಟ್ಟಾಗ ಅವುಗಳ ಹೆಸರು ಎಲ್ಲರೂ ಓದಬಹುದಾದ ಸಾರ್ವಜನಿಕ ದಾಖಲೆಯಲ್ಲಿ ಸೇರುತ್ತದೆ. ಗುಟ್ಟಾಗಿಟ್ಟ ವಿಳಾಸ ಎಂದು ಭಾವಿಸಿದ್ದು ಹೀಗೆ ಬಯಲಾಗಿರುತ್ತದೆ.

ಈಗ ನಡೆದುಹೋದ ಘಟನೆಗಳಿಗೆ ಬರುತ್ತೇನೆ. ಇವುಗಳಲ್ಲಿ ಒಂದೊಂದೂ ಒಂದೊಂದು ಬಗೆಯ ಪಾಠ ಆಗಿರುವುದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

2014ರ ಫೆಬ್ರುವರಿಯಲ್ಲಿ ಆಸುಸ್ ಕಂಪನಿಯ ರೌಟರುಗಳಿಗೆ ಹಾರ್ಡ್ ಡಿಸ್ಕ್ ಜೋಡಿಸಿದ್ದ ಸಾವಿರಾರು ಜನರು ತಮ್ಮ ಡಿಸ್ಕಿನಲ್ಲಿ ತಾವು ಬರೆಯದ ಒಂದು ಫೈಲನ್ನು ಕಂಡರು. ನಿಮ್ಮ ರೌಟರನ್ನೂ ನಿಮ್ಮ ದಾಖಲೆಗಳನ್ನೂ ಲೋಕದಲ್ಲಿ ಯಾರು ಬೇಕಾದರೂ ನೋಡಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು. ಅದು ಬೆದರಿಕೆಯಲ್ಲ, ನಿಜಸಂಗತಿ. ಡಿಸ್ಕನ್ನು ಹೊರಗಿನಿಂದ ನೋಡಲು ಕೊಟ್ಟಿದ್ದ ಎರಡು ಸೌಲಭ್ಯಗಳಲ್ಲಿ ಒಂದರಲ್ಲಿ ಲಾಗಿನ್ ಪುಟವನ್ನು ಬಳಸುದಾರಿಯಿಂದ ದಾಟಬಹುದಿತ್ತು. ಇನ್ನೊಂದರಲ್ಲಿ ಮೊದಲಿನಿಂದ ಇದ್ದ ಸೆಟ್ಟಿಂಗೇ ಎಲ್ಲರಿಗೂ ಪ್ರವೇಶ ಕೊಡುವಂತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪ್ರಕರಣವನ್ನು ಕೈಗೆತ್ತಿಕೊಂಡು, 12,900ಕ್ಕೂ ಹೆಚ್ಚು ಗ್ರಾಹಕರ ಶೇಖರಣಾ ಸಾಧನಗಳಿಗೆ ಹೊರಗಿನವರು ನುಗ್ಗಿದ್ದರು ಎಂದು ಹೇಳಿತು. 2016ರಲ್ಲಿ ಆದ ಒಪ್ಪಂದದ ಪ್ರಕಾರ ಕಂಪನಿ 20 ವರ್ಷಗಳ ಕಾಲ ಸ್ವತಂತ್ರ ಭದ್ರತಾ ಪರಿಶೀಲನೆಗೆ ಒಳಪಡಬೇಕಾಯಿತು.

ಅದೇ 2014ರ ಆಗಸ್ಟ್‌ನಲ್ಲಿ ಸಿನಾಲಜಿ ಕಂಪನಿಯ ಪೆಟ್ಟಿಗೆಗಳನ್ನು ಸಿನೊಲಾಕರ್ ಎಂಬ ರ‍್ಯಾನ್ಸಮ್‌ವೇರ್ ಹಿಡಿಯಿತು. ಫೈಲುಗಳೆಲ್ಲ ಬೀಗ ಬಿದ್ದವು, ಬಿಡಿಸಲು 0.6 ಬಿಟ್‌ಕಾಯಿನ್ ಕೇಳಲಾಯಿತು. ಇಲ್ಲಿ ಮನಸ್ಸಿಗೆ ನಾಟುವ ಸಂಗತಿ ಬೇರೆಯೇ ಇದೆ: ಆ ದಾಳಿ ಬಳಸಿಕೊಂಡ ದೋಷವನ್ನು ಕಂಪನಿ 2013ರ ಡಿಸೆಂಬರ್‌ನಲ್ಲೇ ಸರಿಪಡಿಸಿ ಅಪ್‌ಡೇಟ್ ಕೊಟ್ಟಿತ್ತು. ಔಷಧಿ ಸಿದ್ಧವಾಗಿ ಎಂಟು ತಿಂಗಳಾಗಿದ್ದರೂ ಆ ಪೆಟ್ಟಿಗೆಗಳಿಗೆ ಅದನ್ನು ಹಾಕುವವರಿರಲಿಲ್ಲ.

ನನ್ನನ್ನು ಅತ್ಯಂತ ಕಾಡಿದ್ದು 2021ರ ಜೂನ್ ತಿಂಗಳ ಘಟನೆ. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಪೆಟ್ಟಿಗೆ ಹೊಂದಿದ್ದ ಜನ ಒಂದು ದಿನ ಎದ್ದು ನೋಡಿದರೆ ಒಳಗೆ ಏನೂ ಇರಲಿಲ್ಲ. ಫೋಲ್ಡರುಗಳ ಹೆಸರುಗಳಷ್ಟೇ ಉಳಿದಿದ್ದವು, ಅಥವಾ ಅಂಗಡಿಯಿಂದ ತಂದ ದಿನದ ಹಾಗೆ ಪೆಟ್ಟಿಗೆ ಪೂರ್ತಿ ಖಾಲಿಯಾಗಿತ್ತು. ಹಣ ಕೇಳಿದವರಿಲ್ಲ. ಲಾಗ್ ತೆರೆದು ನೋಡಿದವರಿಗೆ, ಪೆಟ್ಟಿಗೆಯನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಸ್ಕ್ರಿಪ್ಟ್ ಜೂನ್ 23ರಂದು ಓಡಿದ ಸಾಲು ಕಾಣಿಸಿತು. ಹಾಗೆ ಮರಳಿಸುವ ಆಜ್ಞೆ ಬಂದಾಗ ಪೆಟ್ಟಿಗೆ ಮೊದಲು ಪಾಸ್‌ವರ್ಡ್ ಕೇಳಬೇಕು. ಕೇಳುವ ಸಾಲುಗಳು ಕೋಡ್‌ನಲ್ಲಿ ಇದ್ದವು ಕೂಡ. ಆದರೆ ಆ ಸಾಲುಗಳ ಮುಂದೆ ಎರಡು ಓರೆಗೆರೆಗಳನ್ನು ಹಾಕಲಾಗಿತ್ತು. ಪ್ರೋಗ್ರಾಂ ಬರೆಯುವವರಿಗೆ ಅದರ ಅರ್ಥ ಗೊತ್ತು: ಈ ಸಾಲನ್ನು ಯಂತ್ರ ಓದಬಾರದು. ಲಾಗಿನ್ ಪರಿಶೀಲನೆಯ ವ್ಯವಸ್ಥೆಯನ್ನು ಹೊಸದಾಗಿ ಬರೆಯುವಾಗ, 2011ರ ಏಪ್ರಿಲ್‌ನಲ್ಲಿ, ಹಳೆಯ ಪರಿಶೀಲನೆಯನ್ನು ತೆಗೆದು ಹೊಸದನ್ನು ಆ ಜಾಗದಲ್ಲಿ ಸೇರಿಸುವುದು ಬಿಟ್ಟುಹೋಗಿತ್ತು ಎಂದು ಕಂಪನಿಯೇ ತಿಳಿಸಿತು. ಹತ್ತು ವರ್ಷ ಯಾರ ಗಮನಕ್ಕೂ ಬಾರದೆ ಆ ಓರೆಗೆರೆಗಳು ಅಲ್ಲಿದ್ದವು. ಇದರ ಜೊತೆಗೆ, ಹೊರಗಿನಿಂದ ಆಜ್ಞೆ ಓಡಿಸಲು ಬಿಡುವ ಇನ್ನೊಂದು ದೋಷ 2018ರಲ್ಲೇ ದಾಖಲಾಗಿತ್ತು. ಆದರೆ ಆ ಪೆಟ್ಟಿಗೆಗೆ ಅಪ್‌ಡೇಟ್ ಕೊಡುವುದನ್ನು ಕಂಪನಿ 2015ರಲ್ಲೇ ನಿಲ್ಲಿಸಿದ್ದರಿಂದ ಅದು ಸರಿಯಾಗಲಿಲ್ಲ. ಪೆಟ್ಟಿಗೆಗಳು ಮಾತ್ರ ಮನೆಗಳಲ್ಲಿ ಕೆಲಸ ಮಾಡುತ್ತಲೇ ಇದ್ದವು. ಎಷ್ಟೇ ಗಟ್ಟಿ ಪಾಸ್‌ವರ್ಡ್ ಇಟ್ಟವರಿಗೂ ಅಂದು ಅದರಿಂದ ಪ್ರಯೋಜನವಾಗಲಿಲ್ಲ, ಯಾಕೆಂದರೆ ಪಾಸ್‌ವರ್ಡನ್ನು ಯಾರೂ ಕೇಳಲೇ ಇಲ್ಲ.

ಪಾಸ್‌ವರ್ಡ್ ಗಟ್ಟಿಯಿದ್ದರೆ ಸಾಕು ಎಂಬ ನಂಬಿಕೆ ತಪ್ಪು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಇದೇ ಮಾತನ್ನು ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳ ಮೇಲೆ 2021ರ ಏಪ್ರಿಲ್‌ನಲ್ಲಿ ನಡೆದ ಕ್ಯೂಲಾಕರ್ ದಾಳಿಯೂ ಹೇಳುತ್ತದೆ. ಅಲ್ಲಿ ಬಳಕೆಯಾದ ದಾರಿ ಬ್ಯಾಕಪ್ ಆಪಿನೊಳಗೆ ತಯಾರಕರೇ ಬರೆದುಬಿಟ್ಟಿದ್ದ ಒಂದು ಖಾಯಂ ಲಾಗಿನ್. ಫೈಲುಗಳನ್ನು ಕಾಪಾಡಲೆಂದು ಹಾಕಿಕೊಂಡ ಆಪ್ ಮೂಲಕವೇ ಕಳ್ಳರು ಒಳಗೆ ಬಂದರು. ಅವರು ಹೊಸ ಆಯುಧವನ್ನೇನೂ ತರಲಿಲ್ಲ. ಪೆಟ್ಟಿಗೆಯಲ್ಲೇ ಇದ್ದ 7-ಜಿಪ್ ತಂತ್ರಾಂಶದಿಂದ ಫೈಲುಗಳನ್ನು ಪಾಸ್‌ವರ್ಡ್ ಹಾಕಿ ಮಡಚಿಟ್ಟು, ಮೂಲ ಫೈಲುಗಳನ್ನು ಅಳಿಸಿ, 0.01 ಬಿಟ್‌ಕಾಯಿನ್ ಕೇಳಿದರು. ಮನೆಯವರು ಕಷ್ಟಪಟ್ಟಾದರೂ ಕೊಡಬಹುದಾದಷ್ಟು ಮೊತ್ತವನ್ನೇ ಲೆಕ್ಕಹಾಕಿ ಕೇಳಿದ್ದರು. 2022ರ ಜನವರಿಯಲ್ಲಿ ಅದೇ ಕಂಪನಿಯ ಪೆಟ್ಟಿಗೆಗಳ ಮೇಲೆ ಬಂದ ಡೆಡ್‌ಬೋಲ್ಟ್ ಪ್ರತಿ ಮನೆಯಿಂದ 0.03 ಬಿಟ್‌ಕಾಯಿನ್ ಕೇಳಿತು, ಕಂಪನಿಗೆ ಎಲ್ಲರ ಬೀಗವನ್ನೂ ತೆಗೆಯುವ ಒಂದೇ ಕೀಲಿಯನ್ನು 50 ಬಿಟ್‌ಕಾಯಿನ್‌ಗೆ ಮಾರುವೆನೆಂದಿತು. 2024ರ ಏಪ್ರಿಲ್‌ನಲ್ಲಿ ಡಿ-ಲಿಂಕ್ ಕಂಪನಿಯ ಹಳೆಯ ಪೆಟ್ಟಿಗೆಗಳಲ್ಲಿ ಪಾಸ್‌ವರ್ಡೇ ಇಲ್ಲದ ಒಂದು ಒಳಖಾತೆ ಪತ್ತೆಯಾದಾಗ ಕಂಪನಿ ಕೊಟ್ಟ ಉತ್ತರ ಚಿಕ್ಕದಾಗಿತ್ತು: ಇವುಗಳ ಕಾಲ ಮುಗಿದಿದೆ, ಅಪ್‌ಡೇಟ್ ಬರುವುದಿಲ್ಲ, ಬಳಕೆ ನಿಲ್ಲಿಸಿ.

ಹಳೆಯ ಪೆಟ್ಟಿಗೆಗಳಿಗಷ್ಟೇ ಈ ಕಷ್ಟ ಎಂದುಕೊಳ್ಳುವ ಹಾಗೂ ಇಲ್ಲ. 2024ರ ಅಕ್ಟೋಬರಿನಲ್ಲಿ ಐರ್ಲೆಂಡಿನಲ್ಲಿ ನಡೆದ, ತಂತ್ರಾಂಶದ ದೋಷ ಹುಡುಕಿ ತೋರಿಸುವ ಪೋನ್‌ಟುಓನ್ ಸ್ಪರ್ಧೆಗೆಂದು ಸಂಶೋಧಕರು ಸಿನಾಲಜಿಯ ಫೋಟೊ ಆಪಿನಲ್ಲಿ, ಬಳಕೆದಾರರು ಏನನ್ನೂ ಒತ್ತದೆಯೇ ಒಳಗೆ ಬರಬಹುದಾದ ದೋಷವನ್ನು ಕಂಡುಹಿಡಿದರು. ಅದು ಆಗ ಮಾರಾಟದಲ್ಲಿದ್ದ, ಚಾಲ್ತಿಯಲ್ಲಿದ್ದ ತಂತ್ರಾಂಶ. ಕಂಪನಿ ಕೆಲವೇ ದಿನಗಳಲ್ಲಿ ಅಪ್‌ಡೇಟ್ ಕೊಟ್ಟಿತು, ಅದು ಮೆಚ್ಚಬೇಕಾದ ಕೆಲಸ. ಆದರೆ ಅದೇ ದೋಷ ಸ್ಪರ್ಧೆಯ ಬದಲು ಕಳ್ಳರ ಕೈಗೆ ಮೊದಲು ಸಿಕ್ಕಿದ್ದರೆ, ಎಲ್ಲ ಅಪ್‌ಡೇಟುಗಳನ್ನೂ ತಪ್ಪದೆ ಹಾಕಿಕೊಂಡವರ ಮನೆಗೂ ಅವರು ಬರುತ್ತಿದ್ದರು.

ಇಲ್ಲಿಯವರೆಗೆ ಫೈಲುಗಳ ನಷ್ಟದ ಬಗ್ಗೆ ಹೇಳಿದೆ. ಅದಕ್ಕಿಂತ ಮೌನವಾದ ಇನ್ನೊಂದು ಹಾನಿಯಿದೆ. ಪೆಟ್ಟಿಗೆ ಇರುವುದು ಗೋಡೆಯ ಒಳಗಡೆ. ಅದನ್ನು ವಶಪಡಿಸಿಕೊಂಡವರು ಮನೆಯ ನೆಟ್‌ವರ್ಕಿನ ಒಳಗೇ ಕೂತ ಹಾಗಾಯಿತು. ಅಲ್ಲಿಂದ ಲ್ಯಾಪ್‌ಟಾಪು, ಪ್ರಿಂಟರು, ಕ್ಯಾಮೆರಾ ಎಲ್ಲವೂ ನೇರವಾಗಿ ಎಟಕುತ್ತವೆ, ರೌಟರ್ ಈಗ ಅವರನ್ನು ಮನೆಯವರೆಂದೇ ತಿಳಿಯುತ್ತದೆ. ಕ್ಯೂಸ್ನ್ಯಾಚ್ ಎಂಬ ಕುತಂತ್ರಾಂಶದ ಬಗ್ಗೆ ಅಮೆರಿಕ ಮತ್ತು ಬ್ರಿಟನ್ನಿನ ಸೈಬರ್ ಭದ್ರತಾ ಸಂಸ್ಥೆಗಳು 2020ರ ಜುಲೈನಲ್ಲಿ ಜಂಟಿಯಾಗಿ ಎಚ್ಚರಿಕೆ ಕೊಟ್ಟಾಗ, ಜಗತ್ತಿನಾದ್ಯಂತ ಸುಮಾರು 62,000 ಪೆಟ್ಟಿಗೆಗಳಿಗೆ ಅದು ತಗುಲಿತ್ತು. ಅದು ಬೀಗ ಹಾಕಲಿಲ್ಲ, ಹಣ ಕೇಳಲಿಲ್ಲ. ಲಾಗಿನ್ ಪುಟದ ನಕಲಿ ರೂಪವನ್ನು ತೋರಿಸಿ ಪಾಸ್‌ವರ್ಡ್ ಕದಿಯಿತು, ಫೈಲುಗಳನ್ನು ಹೊರಗೆ ಸಾಗಿಸಿತು, ಕಂಪನಿಯಿಂದ ಅಪ್‌ಡೇಟ್ ಬಾರದಂತೆ ತಡೆಯಿತು. ದೀಪ ಹಸಿರಾಗಿಯೇ ಉರಿಯುತ್ತಿತ್ತು, ಫೋಟೊಗಳು ತೆರೆಯುತ್ತಿದ್ದವು. ಮನೆಯವರಿಗೆ ಅನುಮಾನ ಬರಲು ಏನೂ ಕಾರಣವಿರಲಿಲ್ಲ. ಬೀಗ ಹಾಕಿ ಹಣ ಕೇಳುವವನು ಕೊನೆಗೂ ತಾನು ಬಂದಿದ್ದೇನೆಂದು ಹೇಳಿಯಾದರೂ ಹೇಳುತ್ತಾನೆ. ಹೇಳದೆ ಉಳಿದುಕೊಳ್ಳುವವನ ಬಗ್ಗೆ ನನಗೆ ಹೆಚ್ಚು ಭಯ.

ಹಾಗಾದರೆ ಏನು ಮಾಡಬೇಕು? ನನ್ನ ಮೊದಲ ಸಲಹೆ ನೇರವಾದದ್ದು: ಪೆಟ್ಟಿಗೆಗೆ ಯಾವ ಪೋರ್ಟನ್ನೂ ತೆರೆಯಬೇಡಿ. ಇವತ್ತೇ ರೌಟರಿನ ಪುಟಕ್ಕೆ ಹೋಗಿ ತೆರೆದ ಪೋರ್ಟುಗಳ ಪಟ್ಟಿಯನ್ನು ಓದಿ, ಗೊತ್ತಿಲ್ಲದ್ದನ್ನು ತೆಗೆಯಿರಿ, ಯುಪಿಎನ್‌ಪಿಯನ್ನು ನಿಲ್ಲಿಸಿ. ಪೆಟ್ಟಿಗೆಯ ಕಡೆಯಲ್ಲೂ ರೌಟರನ್ನು ತಾನಾಗಿ ಹೊಂದಿಸುವ ಒಂದು ಆಯ್ಕೆ ಇರುತ್ತದೆ, ಅದನ್ನೂ ನಿಲ್ಲಿಸಿ. ಪೋರ್ಟ್ ಸಂಖ್ಯೆಯನ್ನು ಬದಲಿಸಿ ಬಚ್ಚಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಲಾಗಿನಲ್ಲಿ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೇ. ಎಲ್ಲ ಪೋರ್ಟುಗಳನ್ನೂ ತಟ್ಟಿ ನೋಡುವವರಿಗೆ ಅದು ಸಿಕ್ಕೇ ಸಿಗುತ್ತದೆ.

ಹೊರಗಿನಿಂದ ಫೈಲು ಬೇಕೇ ಬೇಕು ಎನ್ನುವವರಿಗೆ ವಿಪಿಎನ್ ಸರಿಯಾದ ದಾರಿ. ಇದರಲ್ಲಿ ಫೋನು ಮೊದಲು ಮನೆಯ ನೆಟ್‌ವರ್ಕನ್ನು ಗುಪ್ತ ಸುರಂಗದ ಮೂಲಕ ಸೇರಿ, ಆಮೇಲೆ ಮನೆಯಲ್ಲೇ ಇರುವ ಹಾಗೆ ಪೆಟ್ಟಿಗೆಯನ್ನು ಮಾತನಾಡಿಸುತ್ತದೆ. 2020ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲಿನ ಭಾಗವಾದ ವೈರ್‌ಗಾರ್ಡ್ ಎಂಬ ವಿಪಿಎನ್ ಇದಕ್ಕೆ ಬಹಳ ಒಪ್ಪುತ್ತದೆ. ಅದರ ಕೋಡ್ ಚಿಕ್ಕದು, ಹಾಗಾಗಿ ದೋಷ ಅಡಗಲು ಜಾಗ ಕಡಿಮೆ. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಆದ್ದರಿಂದ ಹುಡುಕುವ ಯಂತ್ರಗಳಿಗೆ ಅಲ್ಲಿ ಏನೋ ಇದೆ ಎಂಬುದೇ ತಿಳಿಯುವುದಿಲ್ಲ. ಈಚಿನ ಹಲವು ರೌಟರುಗಳಲ್ಲಿ ಇದು ಒಳಗೇ ಇದೆ. ಸಾಧ್ಯವಿದ್ದರೆ ಪೆಟ್ಟಿಗೆಯ ಬದಲು ರೌಟರಿನಲ್ಲೇ ನಡೆಸುವುದು ಮೇಲು. ಹೊರಗಿನ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸಂಪರ್ಕಗಳಲ್ಲಿ ಒಳಬರುವ ದಾರಿಯೇ ಇರುವುದಿಲ್ಲ. ಅಂಥವರಿಗೆ ವೈರ್‌ಗಾರ್ಡ್ ಆಧರಿಸಿದ ಟೇಲ್‌ಸ್ಕೇಲ್‌ನಂಥ ಸೇವೆಗಳು ಅನುಕೂಲ. ತಯಾರಕರು ತಮ್ಮ ಸರ್ವರ್ ಮೂಲಕ ಸಂಪರ್ಕ ಕೊಡುವ ಏರ್ಪಾಡು ಪೋರ್ಟ್ ತೆರೆಯುವುದಕ್ಕಿಂತ ವಾಸಿಯೆಂಬುದು ನಿಜ, ಆದರೂ ಲಾಗಿನ್ ಪುಟ ಅಲ್ಲೂ ಹೊರಗಿನವರಿಗೆ ಎದುರಾಗುತ್ತದೆ.

ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬಗ್ಗೆ ಒಂದು ಮಾತು ಹೇಳಲೇಬೇಕು. ಇದರಲ್ಲಿ ಮನೆಯ ಪ್ರತಿ ಸಾಧನಕ್ಕೂ ಹೊರಲೋಕದ ವಿಳಾಸ ಸಿಗುತ್ತದೆ. ನಾನು ಮೊದಲು ಹೇಳಿದ ಗೋಡೆ ಇಲ್ಲಿ ತಾನಾಗಿ ಇರುವುದಿಲ್ಲ, ರೌಟರಿನ ಫೈರ್‌ವಾಲ್ ಆ ಕೆಲಸ ಮಾಡಬೇಕು. ಐಪಿವಿ6ಗೆ ಫೈರ್‌ವಾಲ್ ಚಾಲೂ ಇದೆಯೇ ಎಂದು ಪ್ರತ್ಯೇಕವಾಗಿ ನೋಡಿಕೊಳ್ಳಿ.

ಪೆಟ್ಟಿಗೆಯೊಳಗೆ ಮಾಡಬೇಕಾದ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಇವು ಹಲವರಿಗೆ ಗೊತ್ತಿರುವಂಥವು. ಅಡ್ಮಿನ್ ಎಂಬ ಹೆಸರಿನ ಖಾತೆಯನ್ನು ನಿಷ್ಕ್ರಿಯಗೊಳಿಸಿ ಬೇರೆ ಹೆಸರಿನಲ್ಲಿ ಆಡಳಿತ ಖಾತೆ ಮಾಡಿಕೊಳ್ಳಿ. ದಿನನಿತ್ಯದ ಬಳಕೆಗೆ ಆ ಖಾತೆಯನ್ನು ಬಳಸಬೇಡಿ. ಎರಡು ಹಂತದ ಲಾಗಿನ್ ಹಾಕಿ. ಭದ್ರತಾ ಅಪ್‌ಡೇಟ್ ತಾನಾಗಿ ಬರುವಂತೆ ಬಿಡಿ. ಬಳಸದ ಆಪುಗಳನ್ನು ತೆಗೆದುಹಾಕಿ. ರೌಟರಿನಲ್ಲಿ ಅತಿಥಿ ನೆಟ್‌ವರ್ಕ್ ಇದ್ದರೆ ಕ್ಯಾಮೆರಾ, ಸ್ಮಾರ್ಟ್ ಟಿವಿಗಳನ್ನು ಅದಕ್ಕೆ ಸರಿಸಿ.

ಬ್ಯಾಕಪ್ ವಿಷಯದಲ್ಲಿ ಮಾತ್ರ ಅವಸರ ಮಾಡಲು ನನಗೆ ಮನಸ್ಸಿಲ್ಲ. ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿಯನ್ನು ಬರೆಯುವ ರೇಡ್ ಪದ್ಧತಿಯನ್ನೇ ಬ್ಯಾಕಪ್ ಎಂದು ತಿಳಿದವರನ್ನು ನಾನು ಬಹಳ ನೋಡಿದ್ದೇನೆ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ. ಫೈಲ್ ಅಳಿಸಿಹೋದರೆ, ಬೀಗ ಬಿದ್ದರೆ, ಅದೇ ಕ್ಷಣದಲ್ಲಿ ಎರಡನೆಯ ಡಿಸ್ಕಿನಲ್ಲೂ ಅದೇ ಆಗುತ್ತದೆ. ಪೆಟ್ಟಿಗೆಗೆ ಸದಾ ಜೋಡಿಸಿಟ್ಟ ಯುಎಸ್‌ಬಿ ಡಿಸ್ಕಿನ ಪಾಡೂ ಇಷ್ಟೇ, ಒಳಗೆ ಬಂದವರಿಗೆ ಅದು ಇನ್ನೊಂದು ಫೋಲ್ಡರ್ ಆಗಿ ಕಾಣುತ್ತದೆ. ಆದ್ದರಿಂದ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಈ ಪೆಟ್ಟಿಗೆ ಪೂರ್ತಿಯಾಗಿ ಶತ್ರುವಿನ ಕೈಗೆ ಹೋದರೂ ಅದು ಮುಟ್ಟಲಾರದ ಒಂದು ಪ್ರತಿ ಎಲ್ಲಾದರೂ ಇದೆಯೇ? ಒಂದು ಡಿಸ್ಕನ್ನು ತಿಂಗಳಿಗೊಮ್ಮೆ ಜೋಡಿಸಿ, ನಕಲು ಮುಗಿದ ಕೂಡಲೇ ಬಿಡಿಸಿ, ಬೇರೆ ಮನೆಯಲ್ಲಿ ಇಡುವುದು ಸಾಕಾಗುತ್ತದೆ. ಇನ್ನೊಂದು ಯಂತ್ರಕ್ಕೆ ಬ್ಯಾಕಪ್ ಮಾಡುವುದಾದರೆ, ಆ ಯಂತ್ರವೇ ಬಂದು ಪೆಟ್ಟಿಗೆಯಿಂದ ಎಳೆದುಕೊಳ್ಳುವಂತೆ ಮಾಡಿ. ಪೆಟ್ಟಿಗೆಯ ಕೈಗೆ ಆ ಯಂತ್ರದ ಕೀಲಿ ಕೊಡಬೇಡಿ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ನಾಲ್ಕು ಫೈಲು ತೆರೆದು ನೋಡಿ.

ಪೆಟ್ಟಿಗೆಗೂ ಆಯಸ್ಸಿದೆ ಎಂಬುದನ್ನು ಕೊಳ್ಳುವಾಗಲೇ ನೆನಪಿಡಬೇಕು. ಡಿಸ್ಕ್ ತಿರುಗುತ್ತಿದೆ ಎಂದರೆ ತಂತ್ರಾಂಶವೂ ಬದುಕಿದೆ ಎಂದರ್ಥವಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನು, ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನು ನಿಷೇಧಿಸಿದೆ, ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ ಎಂದು ತಯಾರಕರು ತಿಳಿಸಲೇಬೇಕೆಂದಿದೆ. ಇಂಥ ಕಾನೂನು ಎಲ್ಲೆಡೆ ಬರಬೇಕು ಎಂಬುದು ನನ್ನ ಅಭಿಪ್ರಾಯ. ಬರುವ ತನಕ ಆ ತಾರೀಖನ್ನು ನಾವೇ ಹುಡುಕಿ ಪೆಟ್ಟಿಗೆಯ ಮೇಲೆ ಚೀಟಿ ಬರೆದು ಅಂಟಿಸಬೇಕಾಗುತ್ತದೆ.

ಉಪನ್ಯಾಸದ ನಂತರ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬರು, "ಇಷ್ಟೆಲ್ಲ ತೊಂದರೆಯಿದ್ದರೆ ಪೆಟ್ಟಿಗೆಯನ್ನೇ ಬಿಟ್ಟು ದೊಡ್ಡ ಕಂಪನಿಗಳ ಕ್ಲೌಡಿಗೆ ಹೋಗುವುದು ಒಳ್ಳೆಯದಲ್ಲವೇ?" ಎಂದು ಕೇಳಿದರು. ಅಪ್‌ಡೇಟ್ ನೋಡಿಕೊಳ್ಳುವ ವ್ಯವಧಾನ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ ಹೌದು ಎಂದೇ ಹೇಳುತ್ತೇನೆ. ಆದರೆ ತಮ್ಮ ಮನೆಯ ದಾಖಲೆಗಳು ತಮ್ಮ ಮನೆಯಲ್ಲೇ ಇರಬೇಕು ಎನ್ನುವುದು ನ್ಯಾಯವಾದ ಆಸೆ, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಹೊರಬಾಗಿಲಿಲ್ಲದ ಪೆಟ್ಟಿಗೆ, ಮನೆಯಿಂದಾಚೆ ಒಂದು ಪ್ರತಿ, ಇವೆರಡಿದ್ದರೆ ಆ ಆಸೆಯನ್ನು ನೆಮ್ಮದಿಯಿಂದ ಉಳಿಸಿಕೊಳ್ಳಬಹುದು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು, "ನಮ್ಮ ಮನೆಯದಕ್ಕೆ ಈಗಾಗಲೇ ಬೀಗ ಬಿದ್ದಿದೆ, ಏನು ಮಾಡಲಿ?" ಎಂದರು. ಅವರಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಬೀಗ ಬೀಳುತ್ತಿರುವುದು ಕಣ್ಣಿಗೆ ಬಿದ್ದ ಕೂಡಲೇ ನೆಟ್‌ವರ್ಕ್ ಕೇಬಲನ್ನು ಕಿತ್ತುಬಿಡಿ, ಆದರೆ ಪೆಟ್ಟಿಗೆಯನ್ನು ಗಾಬರಿಯಲ್ಲಿ ಆರಿಸಬೇಡಿ. ಕ್ಯೂಲಾಕರ್ ದಾಳಿಯ ಸಮಯದಲ್ಲಿ 7-ಜಿಪ್ ಇನ್ನೂ ಓಡುತ್ತಿದ್ದ ಪೆಟ್ಟಿಗೆಗಳಿಂದ ಕೆಲವರು ಅದು ಬಳಸುತ್ತಿದ್ದ ಪಾಸ್‌ವರ್ಡನ್ನೇ ಹಿಡಿದುಕೊಂಡರು, ಆರಿಸಿದವರಿಗೆ ಆ ಅವಕಾಶ ಹೋಯಿತು. ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ. ಅದೇ ದಾಳಿಯಲ್ಲಿ ಅಳಿಸಿಹೋದ ಮೂಲ ಫೈಲುಗಳನ್ನು ಮರಳಿ ಹುಡುಕುವ ಉಪಕರಣವೊಂದನ್ನು ಕಂಪನಿಯೇ ಆಮೇಲೆ ಬಿಡುಗಡೆ ಮಾಡಿತು. ಪೊಲೀಸರಿಗೆ ದೂರು ಕೊಡಿ, ಅದರಿಂದ ಏನೂ ಆಗುವುದಿಲ್ಲ ಎಂದು ಸುಮ್ಮನಿರಬೇಡಿ. ಡೆಡ್‌ಬೋಲ್ಟ್ ಗುಂಪಿನವರು ಬಿಟ್‌ಕಾಯಿನ್ ಪಾವತಿ ಖಚಿತವಾಗುವ ಮೊದಲೇ ಕೀಲಿಯನ್ನು ಯಾಂತ್ರಿಕವಾಗಿ ಕಳಿಸುತ್ತಿದ್ದರು. ಇದನ್ನು ಗಮನಿಸಿದ ನೆದರ್ಲೆಂಡ್ಸ್ ಪೊಲೀಸರು 2022ರ ಅಕ್ಟೋಬರಿನಲ್ಲಿ, ದೂರು ಕೊಟ್ಟಿದ್ದವರ ಪರವಾಗಿ ಒಂದರ ಹಿಂದೊಂದು ಪಾವತಿ ಕಳಿಸಿ, ಕೀಲಿ ಕೈಗೆ ಬಂದ ಕೂಡಲೇ ಪಾವತಿಯನ್ನು ಹಿಂತೆಗೆದುಕೊಂಡರು. ಕಳ್ಳರಿಗೆ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ 155 ಕೀಲಿಗಳು ಸಿಕ್ಕಿದ್ದವು. ಬೀಗ ಬಿದ್ದ ಡಿಸ್ಕನ್ನು ಎಸೆಯದೆ ಇಟ್ಟುಕೊಂಡವರಿಗೆ ಮಾತ್ರ ಆ ಕೀಲಿ ಉಪಯೋಗಕ್ಕೆ ಬಂತು. ಹಾಗಾಗಿ ಅಮ್ಮಾ, ಆ ಡಿಸ್ಕನ್ನು ಹೊರತೆಗೆದು, ಮೇಲೆ ತಾರೀಖು ಮತ್ತು ಪರದೆಯಲ್ಲಿ ಕಂಡ ಬೆದರಿಕೆಯ ಹೆಸರು ಬರೆದು, ಹಣ ಕೇಳಿದ ಟಿಪ್ಪಣಿಯ ಪ್ರತಿಯನ್ನೂ ಜೊತೆಗಿಟ್ಟು, ಒಣ ಜಾಗದಲ್ಲಿ ಇಟ್ಟುಕೊಳ್ಳಿ.